ನಾಲ್ಕು ವರ್ಷ ಬಳಸಿದ ಬೆಂಚ್ ಪವರ್ ಸಪ್ಲೈ: 30 ವೋಲ್ಟ್‌ಗಿಂತ ಆ ಒಂದು ಬಟನ್ ಮುಖ್ಯ

ನನ್ನ ಮೇಜಿನ ಮೇಲಿರುವುದು 30 ವೋಲ್ಟ್, 5 ಆಂಪಿಯರ್‌ನ ಲೀನಿಯರ್ ಪವರ್ ಸಪ್ಲೈ, ಅಂದರೆ ಸರ್ಕ್ಯೂಟ್ ಪರೀಕ್ಷಿಸುವಾಗ ಬೇಕಾದ ವೋಲ್ಟೇಜ್ ಇಟ್ಟು ಡಿಸಿ ಕರೆಂಟ್ ಕೊಡುವ ಪೆಟ್ಟಿಗೆ. ಕೊಂಡು ನಾಲ್ಕು ವರ್ಷ ಆಯಿತು. ಕೊಳ್ಳುವಾಗ ನೋಡಿದ್ದು ಈ ಎರಡು ಅಂಕಿ ಮಾತ್ರ. ಇಷ್ಟು ದಿನದಲ್ಲಿ 24 ವೋಲ್ಟ್ ದಾಟಿದ್ದು ನಾಲ್ಕೈದು ಸಲ ಇರಬಹುದು, 3 ಆಂಪಿಯರ್ ದಾಟಿದ್ದು ಇನ್ನೂ ಕಡಿಮೆ. ದಿನಾ ಕೈ ಹೋಗುವುದು ಔಟ್‌ಪುಟ್ ಆನ್-ಆಫ್ ಬಟನ್‌ಗೆ, ಸಪ್ಲೈ ಆನ್ ಇದ್ದಂತೆಯೇ ಟರ್ಮಿನಲ್‌ಗೆ ಹೋಗುವುದನ್ನು ಮಾತ್ರ ನಿಲ್ಲಿಸುವ ಬಟನ್ ಅದು. ಡಬ್ಬದ ಮೇಲೆ ಅದರ ಸುದ್ದಿಯೇ ಇರಲಿಲ್ಲ.

ಇದಕ್ಕೂ ಮುಂಚೆ ಇದ್ದದ್ದರಲ್ಲಿ ಆ ಬಟನ್ ಇರಲಿಲ್ಲ. ಆನ್, ಆಫ್ ಎರಡಕ್ಕೂ ಮೇನ್ ಸ್ವಿಚ್ಚೇ ಗತಿ. ಒಂದು ಸಂಜೆ 3.3 ವೋಲ್ಟ್‌ಗೆ ಇಟ್ಟು ಮೈಕ್ರೋಕಂಟ್ರೋಲರ್ ಬೋರ್ಡ್ ಒಂದನ್ನು ನಡೆಸುತ್ತಿದ್ದೆ. ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಬೋರ್ಡ್‌ಗೆ ಜೀವ ಇರಲಿಲ್ಲ. ಬರೀ ಟರ್ಮಿನಲ್‌ಗೆ ಆಸಿಲೋಸ್ಕೋಪ್ ಹಾಕಿ ನೋಡಿದೆ. ಆಫ್ ಮಾಡಿದ ಕ್ಷಣ ವೋಲ್ಟೇಜ್ 7ರ ಹತ್ತಿರಕ್ಕೆ ಜಿಗಿದು ಆಮೇಲೆ ಕೆಳಗಿಳಿಯುತ್ತಿತ್ತು. ಔಟ್‌ಪುಟ್ ಹಿಡಿದಿಡುವ ಸರ್ಕ್ಯೂಟ್ ಮೊದಲು ಮಲಗಿಬಿಡುತ್ತದೆ, ದೊಡ್ಡ ಕೆಪಾಸಿಟರ್‌ನಲ್ಲಿ ಮಾತ್ರ ಇನ್ನೂ ಚಾರ್ಜ್ ಉಳಿದಿರುತ್ತದೆ. ಅದೆಲ್ಲ ಹೊರಗೆ ನುಗ್ಗುತ್ತದೆ. ಹೊಸದನ್ನು ತಂದ ದಿನ ನಾನು ಮಾಡಿದ ಮೊದಲ ಪರೀಕ್ಷೆ ಇದೇ. ಪಾಸಾಯಿತು.

ಇಟ್ಟದ್ದಕ್ಕಿಂತ ಹೆಚ್ಚು ಕರೆಂಟ್ ಬಿಡದ ಕರೆಂಟ್ ಲಿಮಿಟ್ ಇದೆಯಲ್ಲ, ಇನ್ನೇನು ಸುಡುತ್ತೆ ಅಂತ ಧೈರ್ಯ ತಗೋಬೇಡಿ. ನಾನು 12 ವೋಲ್ಟ್ ಇಟ್ಟು, ಲಿಮಿಟ್ 20 ಮಿಲಿಆಂಪಿಯರ್ ಮಾಡಿ, ರೆಸಿಸ್ಟರ್ ಇಲ್ಲದೆ ಎಲ್‌ಇಡಿ ಒಂದನ್ನು ಮುಟ್ಟಿಸಿದೆ. ಚಕ್ ಅಂತ ಒಂದು ಮಿಂಚು, ಅಷ್ಟೇ. ಲಿಮಿಟ್ ಸರಿಯಾಗೇ ಇತ್ತು. ಆದರೆ ಔಟ್‌ಪುಟ್‌ಗೆ ಅಡ್ಡಲಾಗಿ ಒಳಗೊಂದು ಕೆಪಾಸಿಟರ್ ಇರುತ್ತದೆ, ಅದು ಆಗಲೇ 12 ವೋಲ್ಟ್‌ಗೆ ತುಂಬಿ ಕೂತಿತ್ತು. ಅದರಿಂದ ಹರಿಯುವುದನ್ನು ತಡೆಯಲು ಲಿಮಿಟ್‌ಗೆ ಆಗುವುದಿಲ್ಲ. ಈಗ ಔಟ್‌ಪುಟ್ ಆಫ್ ಮಾಡಿ, ವೈರ್ ಸಿಕ್ಕಿಸಿ, ಆಮೇಲೆ ಬಟನ್ ಒತ್ತುತ್ತೇನೆ. ಲಿಮಿಟ್ ತೀರಾ ಬಿಗಿಯಾದರೂ ಕಷ್ಟವೇ. ವೈಫೈ ಇರುವ ಬೋರ್ಡ್‌ಗೆ 150 ಮಿಲಿಆಂಪಿಯರ್ ಇಟ್ಟು, ಯಾಕೆ ಪದೇ ಪದೇ ರೀಸೆಟ್ ಆಗುತ್ತಿದೆ ಅಂತ ಅರ್ಧ ದಿನ ಕೋಡ್ ತಿದ್ದಿದ್ದೇನೆ. ಸಿಗ್ನಲ್ ಕಳಿಸುವಾಗ ಅದು ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಲಿಮಿಟ್ ಮುಟ್ಟಿದಾಗ ಹತ್ತುವ ಸಿಸಿ ದೀಪ ಕಣ್ಣು ಮಿಟುಕಿಸುತ್ತಲೇ ಇತ್ತು, ನಾನು ನೋಡಲಿಲ್ಲ.

ಈ ಲಿಮಿಟ್‌ನಿಂದ ನನಗೆ ಸಿಕ್ಕ ದೊಡ್ಡ ಉಪಕಾರ ಅಂದರೆ ಶಾರ್ಟ್ ಸರ್ಕ್ಯೂಟ್ ಆದ ಜಾಗ ಹುಡುಕುವುದು. ಸತ್ತ ಬೋರ್ಡ್‌ನ ಪವರ್ ಲೈನ್‌ಗೆ 1 ವೋಲ್ಟ್, 1 ಆಂಪಿಯರ್ ಕೊಡುತ್ತೇನೆ. ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ತೆಳುವಾಗಿ ಸವರುತ್ತೇನೆ. ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ, ಎಲ್ಲಿ ಮೊದಲು ಒಣಗುತ್ತದೋ ಅಲ್ಲೇ ಕಳ್ಳ. ಹೆಚ್ಚಿನ ಸಲ ಸಾಸಿವೆ ಕಾಳಿನಷ್ಟು ಸೆರಾಮಿಕ್ ಕೆಪಾಸಿಟರ್. ಅದನ್ನು ಕಿತ್ತರೆ ಬೋರ್ಡ್ ಎದ್ದು ಕೂರುತ್ತದೆ.

ಲೀನಿಯರ್ ತಗೊಂಡಿದ್ದು ಆಡಿಯೋ ಕೆಲಸಕ್ಕೆ. ರಿಪಲ್, ಅಂದರೆ ಔಟ್‌ಪುಟ್ ವೋಲ್ಟೇಜ್‌ನ ಸಣ್ಣ ಏರಿಳಿತ, ಒಂದೆರಡು ಮಿಲಿವೋಲ್ಟ್ ಅಷ್ಟೇ, ಪ್ರೀಆಂಪ್‌ನಲ್ಲಿ ಕುಂಯ್‌ ಅನ್ನುವ ಸದ್ದಿಲ್ಲ. ಇದಕ್ಕೆ ಕೊಡುವ ದಂಡ ಬಿಸಿ, ಹೆಚ್ಚಾದ ವೋಲ್ಟೇಜನ್ನು ಲೀನಿಯರ್ ಸಪ್ಲೈ ಬಿಸಿಯಾಗಿಯೇ ಕಳೆಯುತ್ತದೆ. 3.3 ವೋಲ್ಟ್‌ನಲ್ಲಿ 3 ಆಂಪಿಯರ್ ಎಳೆದರೆ ಲೋಡ್‌ಗೆ ಹೋಗುವುದು 10 ವಾಟ್. ಒಳಗೆ 20 ವೋಲ್ಟ್ ಇದ್ದರೆ ಸುಮಾರು 50 ವಾಟ್ ಹೀಟ್ ಸಿಂಕ್ ಪಾಲು. ಫ್ಯಾನ್ ಗುರ್ ಅನ್ನುತ್ತದೆ. 15 ವೋಲ್ಟ್ ಸುಮಾರಿಗೆ ರಿಲೇ ಟಕ್ ಅಂದು ಟ್ರಾನ್ಸ್‌ಫಾರ್ಮರ್‌ನ ಮುಂದಿನ ಟ್ಯಾಪ್‌ಗೆ, ಅಂದರೆ ಹೆಚ್ಚು ವೋಲ್ಟೇಜ್ ಕೊಡುವ ತುದಿಗೆ, ಹೋಗುತ್ತದೆ. ತೂಕ ಬೇರೆ. ಮೋಟಾರ್, ಎಲ್‌ಇಡಿ ಪಟ್ಟಿ ಓಡಿಸುವುದೇ ಕೆಲಸವಾದರೆ ಇದನ್ನೆಲ್ಲ ಸುಮ್ನೆ ಹೊರಬೇಡಿ, ಸ್ವಿಚಿಂಗ್ ಸಪ್ಲೈ ಸಾಕು.

ಜೊತೆಗೆ ಬಂದ ವೈರ್‌ಗಳ ಬಗ್ಗೆ ಒಳ್ಳೆಯ ಮಾತಿಲ್ಲ. ಡಿಸ್‌ಪ್ಲೇ 5.00 ತೋರಿಸುತ್ತಿತ್ತು. ಬೋರ್ಡ್ 2 ಆಂಪಿಯರ್ ಎಳೆಯುವಾಗ ಅದರ ಪಿನ್‌ನಲ್ಲಿ ಮಲ್ಟಿಮೀಟರ್ ಇಟ್ಟರೆ 4.70. ಮೊಸಳೆ ಕ್ಲಿಪ್‌ನ ಕೆಂಪು ತೊಡುಗೆ ಸರಿಸಿದೆ. ನಾಲ್ಕಾರು ಎಳೆ ತಾಮ್ರ, ಅದಕ್ಕೆ ಬೆಸುಗೆಯೂ ಇಲ್ಲ, ಬರೀ ಒತ್ತಿ ಬಿಟ್ಟಿದ್ದರು. ದಪ್ಪ ಸಿಲಿಕೋನ್ ವೈರ್ ತಂದು ನಾನೇ ಮಾಡಿಕೊಂಡೆ. ಬೋರ್ಡ್‌ನ ಹತ್ತಿರದ ವೋಲ್ಟೇಜನ್ನೇ ಅಳೆಯುವ ರಿಮೋಟ್ ಸೆನ್ಸ್ ಟರ್ಮಿನಲ್ ಇದ್ದಿದ್ದರೆ ಈ ನಷ್ಟವನ್ನು ಅದೇ ಸರಿದೂಗಿಸುತ್ತಿತ್ತು. ನನ್ನದರಲ್ಲಿ ಇಲ್ಲ.

ಹಸಿರು ಟರ್ಮಿನಲ್ ಅಂದರೆ ಅರ್ತ್, ನೆಗೆಟಿವ್ ಅಲ್ಲ. ಮೊದಲ ದಿನ ಕಪ್ಪು ವೈರನ್ನು ಅಲ್ಲಿ ಸಿಕ್ಕಿಸಿ ಸಪ್ಲೈಯೇ ಕೆಟ್ಟಿದೆ ಅಂದುಕೊಂಡವನು ನಾನು, ನಗಬೇಡಿ.

ಅಮ್ಮೀಟರ್ 10 ಮಿಲಿಆಂಪಿಯರ್ ಹೆಜ್ಜೆಯಲ್ಲಿ ಓದುತ್ತದೆ. ನಿದ್ದೆಗೆ ಹೋದ ಸೆನ್ಸರ್ ಬೋರ್ಡ್ ಎಷ್ಟೇ ಎಳೆದರೂ ಅಲ್ಲಿ 0.00. ಬ್ಯಾಟರಿ ಮೇಲೆ ನಡೆಯುವ ಕೆಲಸ ಮಾಡುವವರು 1 ಮಿಲಿಆಂಪಿಯರ್ ತೋರಿಸುವುದನ್ನೇ ನೋಡಿ. ಅದಕ್ಕೂ ಕೆಳಗೆ ಮಲ್ಟಿಮೀಟರ್ ಬೇಕೇ ಬೇಕು.

ಮೂರನೇ ವರ್ಷದಿಂದ, ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಹೊಂದಿಸುವ ಫೈನ್ ನಾಬ್ ಸವೆದಿದೆ. ತಿರುಗಿಸುವಾಗ 5.02 ಇದ್ದದ್ದು 5.31ಕ್ಕೆ ಹಾರಿ ವಾಪಸ್ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಎರಡು ತಿಂಗಳು ಸುಮ್ಮನಿತ್ತು, ಮತ್ತೆ ಅದೇ. ಹೊಸ ಹತ್ತು ಸುತ್ತಿನ ಪಾಟ್ (ನಾಬ್ ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ತಂದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ. ಅಲ್ಲಿವರೆಗೆ ಔಟ್‌ಪುಟ್ ಆಫ್ ಮಾಡಿಯೇ ನಾಬ್ ಮುಟ್ಟುತ್ತೇನೆ.