ಕಳೆಯ ಮೇಲೆ ಹಾಸಿದ ನಾಲ್ಕು ಹಳೆಯ ವಸ್ತುಗಳು

ಅಟ್ಟ ಖಾಲಿ ಮಾಡಿದ ದಿನ ಮನೆಯಿಂದ ಹೊರಬಿದ್ದದ್ದು ಒಂದು ರಾಶಿ ರಟ್ಟಿನ ಪೆಟ್ಟಿಗೆ, ಆರೇಳು ಹಳೆಯ ಬೆಡ್‌ಶೀಟು, ಸವೆದುಹೋದ ಒಂದು ಕಾರ್ಪೆಟ್ ಮತ್ತು ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಎಲ್ಲವನ್ನೂ ತೋಟಕ್ಕೆ ಸಾಗಿಸಿದೆ. ‘ಯಾವುದಕ್ಕಾದರೂ ಬಂದೀತು’ ಎನ್ನುವುದರಲ್ಲಿ ಅರ್ಧ ಜಿಪುಣತನ, ಇನ್ನರ್ಧ ಎಸೆಯಲು ಸೋಮಾರಿತನ, ಒಪ್ಪಿಕೊಳ್ಳುತ್ತೇನೆ.

ತರಕಾರಿ ಜಾಗದಲ್ಲಿ ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ನಾಲ್ಕು ಮಡಿಗಳು ಕಳೆ ತುಂಬಿಕೊಂಡು ನಿಂತಿದ್ದವು. ಕಳೆ ಕೀಳಲಿಲ್ಲ. ಕುಡುಗೋಲಿನಿಂದ ನೆಲಮಟ್ಟಕ್ಕೆ ಸವರಿ, ಮಣ್ಣು ನೆನೆಯುವಂತೆ ನೀರು ಹಾಯಿಸಿ, ಒಂದೊಂದು ಮಡಿಗೆ ಒಂದೊಂದನ್ನು ಹೊದಿಸಿದೆ. ಬೆಳಕು ಸಿಗದ ಕಳೆ ಸಾಯುತ್ತದೆ ಎಂಬುದಷ್ಟೇ ಲೆಕ್ಕ. ಗೆಲ್ಲುವುದು ಕಾರ್ಪೆಟ್ಟೇ ಎಂದು ನಂಬಿದ್ದೆ. ದಪ್ಪ, ಭಾರ, ಗಾಳಿಗೆ ಹಾರುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ.

ಆರು ವಾರ ಕಳೆದು ಅಂಚೆತ್ತಿ ನೋಡಿದಾಗ ನಂಬಿಕೆ ಇನ್ನೂ ಗಟ್ಟಿಯಾಯಿತು: ಕೆಳಗೆ ಒಂದು ಹಸಿರೆಳೆಯೂ ಇಲ್ಲ. ಆದರೆ ಮಡಿಯ ನಡುಭಾಗ ಒಣಗಿ ಬಿರುಕುಬಿಟ್ಟಿತ್ತು, ನೀರು ಒಳಗೆ ಇಳಿದೇ ಇರಲಿಲ್ಲ. ಒಂದು ಮೂಲೆಯಲ್ಲಿ ಇಲಿ ಬಿಲ ತೋಡಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಪೆಟ್ಟಿನ ಮೇಲೆಯೇ ಧೂಳು ಕೂತು, ಬೀಜ ಬಿದ್ದು, ಹುಲ್ಲು ಹುಟ್ಟಿತು. ಪಕ್ಕದಿಂದ ಹರಿದುಬಂದ ಗರಿಕೆ ಅದರ ನೂಲಿನೊಳಗೇ ಬೇರು ಹೆಣೆಯಿತು. ತೆಗೆಯಲು ಹೋದರೆ ನೀರು ಕುಡಿದ ಕಾರ್ಪೆಟ್ಟು ಇಬ್ಬರು ಎಳೆದರೂ ಅಲುಗಲಿಲ್ಲ. ಜೋರಾಗಿ ಜಗ್ಗಿದಾಗ ಹರಿದು ಚಿಂದಿಯಾಯಿತು. ಅಡಿಯ ಅಂಟು ಬಿಳಿ ಪುಡಿಯಾಗಿ ಉದುರಿತು. ಇಂಥ ಕಾರ್ಪೆಟ್ಟುಗಳ ಬೆನ್ನಿಗೆ ಹಚ್ಚುವ ರಬ್ಬರಿನಂಥ ಅಂಟಿನಲ್ಲಿ ಸುಣ್ಣದ ಕಲ್ಲಿನ ಪುಡಿ ಬೆರೆಸಿರುತ್ತಾರೆ ಎಂದು ಆಮೇಲೆ ತಿಳಿಯಿತು. ನೂಲೋ, ಪೂರ್ತಿ ಪ್ಲಾಸ್ಟಿಕ್.

ರಟ್ಟಿನ ಮಡಿಯಲ್ಲಿ ಮೊದಲ ವಾರ ನಗೆಪಾಟಲು. ಒಣ ರಟ್ಟನ್ನು ಹಾಗೆಯೇ ಹಾಸಿದ್ದೆ, ರಾತ್ರಿಯ ಗಾಳಿಗೆ ಅರ್ಧ ಬೇಲಿಗೆ ಹೋಗಿ ಆತುಕೊಂಡಿತ್ತು. ಎರಡನೆಯ ಸಲ ಟೇಪು, ಚೀಟಿ, ಪಿನ್ನುಗಳನ್ನೆಲ್ಲ ಕಿತ್ತು, ಹೊಳಪಿನ ಬಣ್ಣದ ಪೆಟ್ಟಿಗೆಗಳನ್ನು ಬದಿಗಿಟ್ಟು, ಉಳಿದವನ್ನು ಎರಡು ಪದರ ಹಾಸಿದೆ. ಒಂದರ ಅಂಚು ಇನ್ನೊಂದರ ಮೇಲೆ ಗೇಣಷ್ಟು ಬರಬೇಕು. ನಾಲ್ಕು ಬೆರಳು ಬಿಟ್ಟರೂ ಕಳೆ ಆ ಸಂದಿಯನ್ನೇ ಹುಡುಕಿಕೊಂಡು ಬರುತ್ತದೆ. ಚೆನ್ನಾಗಿ ನೆನೆಸಿ, ಮೇಲೆ ಮೂರು ಅಂಗುಲ ಒಣ ಎಲೆ ಹರಡಿದೆ. ಕಂದು ರಟ್ಟಿನ ಪದರಗಳನ್ನು ಹಿಡಿದಿಡುವುದು ಬಹುಮಟ್ಟಿಗೆ ಪಿಷ್ಟದ ಅಂಟು, ನೆನೆದರೆ ತಾನಾಗಿ ಬಿಡುತ್ತದೆ. ಅದೇ ದಿನ ರಟ್ಟಿಗೆ ತೂತು ಕೊರೆದು ಟೊಮೆಟೊ ಸಸಿ ನೆಟ್ಟೆ. ಮಿಕ್ಕ ಮೂರು ಮಡಿಗಳಲ್ಲಿ ಇನ್ನೂ ಕಾಯುತ್ತಿರುವಾಗಲೇ ಇಲ್ಲಿ ಹೂವು ಬಂದಿತ್ತು. ಮೂರು ತಿಂಗಳಿಗೆ ರಟ್ಟು ಬೆರಳು ತಾಗಿದರೆ ಹರಿಯುವಷ್ಟು ಮೆತ್ತಗಾಗಿ, ಅಡಿಯಲ್ಲಿ ಎರೆಹುಳುಗಳ ಸಂತೆ.

ದೋಷವಿಲ್ಲವೆಂದಲ್ಲ. ಒಂದು ಬದಿಗೆ ಗೆದ್ದಲು ಹತ್ತಿತು, ಸಸಿಗಳ ಗೊಡವೆಗೆ ಹೋಗಲಿಲ್ಲ ಅಷ್ಟೆ. ಬಸವನಹುಳುಗಳಿಗಂತೂ ಅದು ತಣ್ಣನೆಯ ಛತ್ರ. ನಾನು ಮಾಡಿದ ತಪ್ಪು ಬೇರೆ: ಉಳಿದ ಚೂರುಗಳನ್ನು ಒಂದು ಮೂಲೆಯಲ್ಲಿ ಮಣ್ಣಿನೊಳಗೆ ಅಗೆದು ಬೆರೆಸಿದೆ. ರಟ್ಟಿನಲ್ಲಿ ಇಂಗಾಲ ಹೇರಳ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಸುತ್ತಲ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಆ ಮೂಲೆಯ ಗಿಡಗಳ ಎಲೆ ಹಳದಿಯಾಯಿತು. ಮೇಲೆ ಹಾಸಿದ್ದು ಮೇಲೆಯೇ ಇರಬೇಕು.

ಬೆಡ್‌ಶೀಟು ನೀರನ್ನು ಸಲೀಸಾಗಿ ಇಳಿಯಗೊಡುತ್ತದೆ, ನೆಲದ ಉಬ್ಬುತಗ್ಗಿಗೆ ಹೊಂದಿಕೊಂಡು ಕೂರುತ್ತದೆ. ಬೆಳಕು ತಡೆಯುವುದರಲ್ಲಿ ಮಾತ್ರ ಸೋಲು. ಬಿಳಿಯ ಬಟ್ಟೆಯಡಿ ಕಳೆ ಬಿಳಿಚಿಕೊಂಡೇ ಬೆಳೆದು ಅದನ್ನು ಡೇರೆಯಂತೆ ಎತ್ತಿ ನಿಲ್ಲಿಸಿತು. ಕಡುನೀಲಿಯದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ ಕಡೆ ಪರವಾಗಿಲ್ಲ. ಹತ್ತಿಯದು ಕರಗಿತು, ಪಾಲಿಯೆಸ್ಟರ್ ಬೆರೆತದ್ದು ಬಲೆಯಾಗಿ ಉಳಿಯಿತು. ಹಾಸುವ ಮೊದಲೇ ಒಂದು ನೂಲಿಗೆ ಬೆಂಕಿ ತಾಗಿಸಿ ನೋಡಬೇಕಿತ್ತು. ಹತ್ತಿಯಾದರೆ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕು ಹಾಯುವ ಪ್ಲಾಸ್ಟಿಕ್ಕಿನಡಿ ಕಳೆ ಸಾಯಬೇಕಾದರೆ ಕಡುಬೇಸಿಗೆ ಬೇಕು, ಅಂಚುಗಳನ್ನು ಮಣ್ಣಿನಲ್ಲಿ ಹೂಳಬೇಕು, ನಾಲ್ಕರಿಂದ ಆರು ವಾರ ಬಿಡಬೇಕು. ನಾನು ಹಾಸಿದ್ದು ತಂಪುಕಾಲದಲ್ಲಿ. ಕಳೆಗೆ ಗಾಜಿನ ಮನೆ ಕಟ್ಟಿಕೊಟ್ಟಂತಾಯಿತು.

ಕೊನ್ನಾರಿ ಎಂಬ ಗಡ್ಡೆಕಳೆಯ ವಿಷಯ ಹೇಳದಿದ್ದರೆ ರಟ್ಟಿನ ಪಕ್ಷ ವಹಿಸಿದಂತಾಗುತ್ತದೆ. ಅದರ ಚೂಪು ಮೊಳಕೆ ಎರಡು ಪದರ ರಟ್ಟನ್ನೂ ತೂರಿ ಬಂತು. ತಡೆದದ್ದು ಕಾರ್ಪೆಟ್ ಒಂದೇ. ಅದನ್ನು ತೆಗೆದ ಎರಡು ವಾರಕ್ಕೆ ನೆಲದೊಳಗಿನ ಗಡ್ಡೆಗಳು ಅಲ್ಲಿಯೂ ಚಿಗುರಿದವು. ಕೊನ್ನಾರಿಗೆ ಗುದ್ದಲಿ ಹಿಡಿದು ಗಡ್ಡೆ ಸಮೇತ ಕೀಳುವುದನ್ನು ಬಿಟ್ಟು ನನ್ನ ಬಳಿ ಬೇರೆ ಉಪಾಯವಿಲ್ಲ.

ಈಗ ನಾಲ್ಕು ಮಡಿಗಳಿಗೂ ರಟ್ಟು. ಹಾಸದೆ ಉಳಿದಿದ್ದ ಹತ್ತಿಯ ಬೆಡ್‌ಶೀಟುಗಳು ಬೀಜ ಬಿತ್ತಿದ ಮಡಿಯ ಮೇಲೆ, ಮೊಳಕೆ ಕಾಣುವವರೆಗೆ ತೇವ ಕಾಯುತ್ತವೆ. ಆ ಕೆಲಸಕ್ಕೆ ಅವನ್ನು ಮೀರಿಸಿದ್ದಿಲ್ಲ. ಪರದೆ ಸೌದೆಯ ಮೇಲಿದೆ. ಕಾರ್ಪೆಟ್ಟನ್ನು ಎತ್ತಿ ಎರಡು ವರ್ಷವಾಯಿತು, ಮಣ್ಣು ಕೆದಕಿದಾಗಲೆಲ್ಲ ಅದರ ಕೆಂಪು ನೂಲನ್ನು ಇನ್ನೂ ಆರಿಸುತ್ತಿದ್ದೇನೆ.