ಶೈಲಾಕನ ಸಿಟ್ಟನ್ನು ಪೂರ್ತಿ ಕೇಳಿಸುವ ಚಿತ್ರ

ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕವನ್ನು ಆಧರಿಸಿ ಮೈಕೇಲ್ ರಾಡ್‌ಫರ್ಡ್ 2004ರಲ್ಲಿ ನಿರ್ದೇಶಿಸಿದ ಚಿತ್ರವನ್ನು ನಾನು ನೋಡಿದ್ದು ಮುಖ್ಯವಾಗಿ ಮೂರನೆಯ ಅಂಕದ ಮೊದಲ ದೃಶ್ಯಕ್ಕಾಗಿ. ‘ಯೆಹೂದಿಗೆ ಕಣ್ಣಿಲ್ಲವೇ?’ ಎಂದು ಬಡ್ಡಿಗೆ ಸಾಲ ಕೊಡುವ ಯೆಹೂದಿ ಶೈಲಾಕ್ ಕೇಳುವ ಆ ಮಾತಿನ ನಡುವಿನ ನಾಲ್ಕಾರು ಸಾಲುಗಳನ್ನಷ್ಟೇ ಎತ್ತಿಕೊಂಡು, ಮನುಷ್ಯರೆಲ್ಲ ಒಂದೇ ಎಂಬ ಸೌಮ್ಯ ಬೋಧನೆಯಂತೆ ಉದ್ಧರಿಸುವುದು ರೂಢಿಯಾಗಿದೆ. ಹಾಗೆ ಕತ್ತರಿಸಿದಾಗ ಅದರ ಸಿಟ್ಟು ಸೋರಿಹೋಗುತ್ತದೆ. ಶೈಲಾಕನ ಪಾತ್ರದಲ್ಲಿ ಆಲ್ ಪಚಿನೊ ಆ ಸಿಟ್ಟನ್ನು ಒಂದು ಹನಿಯೂ ಬಿಡದೆ ನಮ್ಮ ಮುಂದಿಟ್ಟಿದ್ದಾರೆ.

ಸಿಟ್ಟಿನ ಕಾರಣ ಆರಂಭದಲ್ಲೇ ಕಣ್ಣಿಗೆ ಬೀಳುತ್ತದೆ. 1596ರ ವೆನಿಸ್‌ನಲ್ಲಿ ಯೆಹೂದಿಗಳು ರಾತ್ರಿ ಬೀಗ ಹಾಕುವ ಗೆಟ್ಟೊದೊಳಗೆ, ಅಂದರೆ ತಮಗಾಗಿಯೇ ಗೊತ್ತುಪಡಿಸಿದ ಕೇರಿಯೊಳಗೆ, ಬದುಕಬೇಕು, ಹಗಲು ಹೊರಬಂದರೆ ಕೆಂಪು ಟೋಪಿ ತೊಡಬೇಕು. ರಿಯಾಲ್ಟೊ ಸೇತುವೆಯ ಮೇಲಿಂದ ಒಬ್ಬ ಯೆಹೂದಿಯನ್ನು ಕಾಲುವೆಗೆ ಎಸೆಯುತ್ತಾರೆ. ಅದೇ ಗದ್ದಲದಲ್ಲಿ ಜೆರೆಮಿ ಐರನ್ಸ್ ಅಭಿನಯಿಸಿದ ವರ್ತಕ ಅಂಟೋನಿಯೊ ಶೈಲಾಕನ ಮೇಲೆ ಉಗುಳುತ್ತಾನೆ. ನಾಟಕದಲ್ಲಿ ಬರಿಯ ಮಾತಾಗಿ ಬರುವ ಈ ಅವಮಾನವನ್ನು ಕಣ್ಣಾರೆ ಕಂಡ ಮೇಲೆ ಮುಂದಿನ ಮಾತು ಬೇರೆಯೇ ತೂಕದಲ್ಲಿ ಕೇಳಿಸುತ್ತದೆ.

ಸಾಲ ತೀರಿಸದಿದ್ದರೆ ತನ್ನ ಮೈಯ ಒಂದು ಪೌಂಡ್ ಮಾಂಸ ಕೊಡಬೇಕೆಂಬ ಕರಾರಿನ ಮೇಲೆ ಅಂಟೋನಿಯೊ ಶೈಲಾಕನಿಂದ ಸಾಲ ಪಡೆದಿದ್ದಾನೆ. ಈ ನಡುವೆ ಶೈಲಾಕನ ಮಗಳು ಜೆಸ್ಸಿಕಾ ಹಣ, ಒಡವೆಗಳ ಸಮೇತ ಕ್ರೈಸ್ತ ಪ್ರಿಯಕರ ಲೊರೆಂಜೊನ ಜೊತೆ ಓಡಿಹೋಗಿದ್ದಾಳೆ. ಬೀದಿಯಲ್ಲಿ ಸಿಕ್ಕ ಅಂಟೋನಿಯೊನ ಗೆಳೆಯರು ಅಣಕಿಸುತ್ತಾ, ಅವನ ಮಾಂಸ ನಿನಗೆ ಯಾತಕ್ಕೆ ಎಂದು ಕೇಳಿದಾಗ, ಮೀನಿನ ಗಾಳಕ್ಕೆ ಎಂದು ಶೈಲಾಕ್ ಉತ್ತರಿಸುತ್ತಾನೆ. ಆಮೇಲೆ ವರ್ಷಗಳಿಂದ ನುಂಗಿಕೊಂಡದ್ದೆಲ್ಲ ಒಂದೊಂದಾಗಿ ಹೊರಬರುತ್ತದೆ: ಅಂಟೋನಿಯೊ ನನ್ನ ನಷ್ಟಕ್ಕೆ ನಕ್ಕ, ಲಾಭವನ್ನು ಹಂಗಿಸಿದ, ಜನಾಂಗವನ್ನು ಹೀಗಳೆದ, ವ್ಯವಹಾರ ಕೆಡಿಸಿದ, ಗೆಳೆಯರನ್ನು ದೂರ ಮಾಡಿದ, ವೈರಿಗಳನ್ನು ಕೆರಳಿಸಿದ. ಇಷ್ಟಕ್ಕೂ ಕಾರಣವೇನು? ನಾನು ಯೆಹೂದಿ. ಅದುಮಿಟ್ಟ ದನಿ ಇಲ್ಲಿಂದ ಏರುತ್ತಾ ಹೋಗುತ್ತದೆ.

ಈ ಮಾತು ಛಂದಸ್ಸಿನಲ್ಲಿಲ್ಲ, ಗದ್ಯದಲ್ಲಿದೆ. ಆದ್ದರಿಂದಲೇ ಅದಕ್ಕೆ ಜಗಳದ ಉಸಿರು ಇದೆ. ಚುಚ್ಚಿದರೆ ರಕ್ತ ಬರುವುದಿಲ್ಲವೇ, ಕಚಗುಳಿಯಿಟ್ಟರೆ ನಗುವುದಿಲ್ಲವೇ, ವಿಷವಿಕ್ಕಿದರೆ ಸಾಯುವುದಿಲ್ಲವೇ ಎಂಬ ಮೂರು ಪ್ರಶ್ನೆಗಳು ಮೈಯ ಸಹಜ ಧರ್ಮವನ್ನು ಕುರಿತವು, ಇಲ್ಲ ಎನ್ನಲು ಯಾರಿಗೂ ಸಾಧ್ಯವಿಲ್ಲ. ನಾಲ್ಕನೆಯದು, ಅನ್ಯಾಯ ಮಾಡಿದರೆ ಸೇಡು ತೀರಿಸಿಕೊಳ್ಳುವುದಿಲ್ಲವೇ ಎಂಬುದು, ಅದೇ ಅಚ್ಚಿನಲ್ಲಿ ಬರುತ್ತದೆ. ಸೇಡು ಮನುಷ್ಯ ತಾನೇ ಆರಿಸಿಕೊಳ್ಳುವಂಥದ್ದು. ಆದರೆ ಹಿಂದಿನ ಮೂರಕ್ಕೆ ತಲೆಯಾಡಿಸಿದ ನಾವು ಇದಕ್ಕೂ ತಲೆಯಾಡಿಸಿಬಿಟ್ಟಿರುತ್ತೇವೆ. ನೀವು ಕಲಿಸಿದ ದುಷ್ಟತನವನ್ನೇ ನಾನು ಆಚರಿಸುತ್ತೇನೆ ಎಂದು ಅವನು ಹೇಳುವಾಗ ನನಗೆ ಅವನ ಬಗ್ಗೆ ಮರುಕವೂ ಭಯವೂ ಒಟ್ಟಿಗೇ ಆದವು.

ಯೆಹೂದಿಗಳನ್ನು 1290ರಲ್ಲೇ ಹೊರಗಟ್ಟಿದ್ದ ಇಂಗ್ಲೆಂಡಿನಲ್ಲಿ, ಯೆಹೂದಿ ಮೂಲದ ರಾಜವೈದ್ಯ ರೊಡ್ರಿಗೊ ಲೋಪೆಜ್‌ನನ್ನು 1594ರಲ್ಲಿ ರಾಜದ್ರೋಹದ ಆರೋಪದ ಮೇಲೆ ಗಲ್ಲಿಗೇರಿಸಿದ ಕೆಲವೇ ವರ್ಷಗಳಲ್ಲಿ, ಪ್ರೇಕ್ಷಕರು ಈ ಪ್ರಶ್ನೆಗಳನ್ನು ಕೇಳಿದ್ದರು ಎಂಬುದನ್ನು ನೆನೆದರೆ ಬರೆದವನ ಎದೆಗಾರಿಕೆ ತಿಳಿಯುತ್ತದೆ. ಆದರೂ 1943ರಲ್ಲಿ, ನಾಜಿಗಳ ವಿಯೆನ್ನಾದಲ್ಲಿ, ಇದೇ ನಾಟಕವನ್ನು ಯೆಹೂದಿ ದ್ವೇಷಕ್ಕೆ ಬಳಸಲಾಯಿತು. ಆ ಸಿಟ್ಟನ್ನು ನಟ ಹೇಗೆ ನುಡಿಯುತ್ತಾನೆ ಎಂಬುದು ಎಷ್ಟು ದೊಡ್ಡ ವಿಷಯವೆಂದು ಇದರಿಂದಲೇ ಅರಿಯಬಹುದು.

ಕೊರತೆಗಳೂ ಇವೆ. ನಾಯಕಿ ಪೋರ್ಷಿಯಾ ಇರುವ ಬೆಲ್‌ಮಾಂಟ್‌ನ ಪ್ರಣಯ ಭಾಗ ಎಳೆದಂತಾಗಿದೆ, ಆರಂಭದ ಬರಹಫಲಕ ನಾವೇ ಕಂಡುಕೊಳ್ಳಬಹುದಾದದ್ದನ್ನು ಮೊದಲೇ ಹೇಳಿಬಿಡುತ್ತದೆ. ಆದರೆ ಕೊನೆಯ ಚಿತ್ರಿಕೆಗಳು ಇದನ್ನೆಲ್ಲ ಮರೆಸುತ್ತವೆ. ನ್ಯಾಯಾಲಯದಲ್ಲಿ ಸೋತು, ಒತ್ತಾಯದಿಂದ ಕ್ರೈಸ್ತನಾಗಿ ಮತಾಂತರಗೊಂಡ ಶೈಲಾಕನ ಎದುರೇ ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನ ಬಾಗಿಲು ಮುಚ್ಚಿಕೊಳ್ಳುತ್ತದೆ. ತೀರಿಹೋದ ಹೆಂಡತಿ ಲಿಯಾ ಕೊಟ್ಟಿದ್ದ ಉಂಗುರವನ್ನು ಮಗಳು ಒಂದು ಕೋತಿಗಾಗಿ ಮಾರಿದಳೆಂಬ ಸುದ್ದಿ, ಆ ಮಾತು ಮುಗಿದ ಸ್ವಲ್ಪ ಹೊತ್ತಿಗೇ, ಅವನ ಎದೆಯನ್ನು ಇರಿದಿತ್ತು; ಚಿತ್ರದ ಕೊನೆಯಲ್ಲಿ ನೋಡಿದರೆ ಆ ಉಂಗುರ ಜೆಸ್ಸಿಕಾಳ ಬೆರಳಲ್ಲೇ ಇದೆ.