ಜಲವರ್ಣ ಕಲಿಯಲು ಬಯಲಿನ ಕಾರ್ಯಾಗಾರವೋ, ಕೋಣೆಯ ತರಗತಿಯೋ?

ಕುಂಚ ಹಿಡಿಯುವುದನ್ನೇ ಈಗ ಕಲಿಯುತ್ತಿದ್ದರೆ ಕೋಣೆಯ ತರಗತಿ ಸಾಕು. ಅಲ್ಲಿ ಬೆಳಕು ಕದಲುವುದಿಲ್ಲ, ತಪ್ಪಿದ್ದನ್ನು ನಿಧಾನವಾಗಿ ಮತ್ತೆ ಮಾಡಬಹುದು.

ಬಯಲಿನಲ್ಲಿ ಹಾಗಲ್ಲ. ಬಿಸಿಲಿಗೆ ಕಾಗದ ಬೇಗ ಒಣಗುತ್ತದೆ. ಆಕಾಶಕ್ಕೆ ಬಳಿದ ನೀಲಿಯ ಅಂಚನ್ನು ಒದ್ದೆ ಕುಂಚದಿಂದ ಮೃದುಗೊಳಿಸುವ ಮೊದಲೇ ಅದು ಗೆರೆಯಾಗಿ ನಿಂತುಬಿಡುತ್ತದೆ. ಮೋಡ ಕವಿದ ದಿನ ಅದೇ ನೀಲಿ ಒಣಗದೆ ಕಾಯಿಸುತ್ತದೆ. ಎರಡು ಗಂಟೆಯಲ್ಲಿ ಮರದ ನೆರಳೇ ಜಾಗ ಬದಲಿಸಿರುತ್ತದೆ, ಆದ್ದರಿಂದ ಅದನ್ನು ಮೊದಲೇ ಗುರುತಿಸಿಕೊಳ್ಳಬೇಕು. ಆದರೂ ನನ್ನ ಒಲವು ಬಯಲಿನ ಕಡೆಗೇ. ಛಾಯಾಚಿತ್ರದಲ್ಲಿ ಬರೀ ಕಪ್ಪಾಗಿ ಕಾಣುವ ನೆರಳಿನೊಳಗೆ ನೇರಳೆಯೂ ಹಸಿರೂ ಇರುವುದು ಕಣ್ಣಿಗೆ ಬೀಳುವುದು ಅಲ್ಲೇ.

ಸಾಮಾನು ಕಡಿಮೆಯಿರಲಿ: ಸಣ್ಣ ಬಣ್ಣದ ಪೆಟ್ಟಿಗೆ, ಎರಡು ಕುಂಚ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ, ನೀರು, ಟೋಪಿ. ಹಾಳೆಯನ್ನು ನೆರಳಿನಲ್ಲಿಡಿ; ಬಿಸಿಲಲ್ಲಿ ಅದರ ಹೊಳಪಿಗೆ ಬಣ್ಣದ ಅಂದಾಜೇ ತಪ್ಪುತ್ತದೆ.